ಆಫ್ರಿಕಾ ಮಕ್ಕಳಿಗೆ ದುಡ್ಡು ಕಳಿಸ್ದೆ, ಹೆಂಡ್ತಿ ಮಾತು ಬಿಟ್ಟಿದಾಳೆ

ಪ್ರಶ್ನೆ: ಮೇಡಂ, ನಾನು ವಸಂತನರಸಾಪುರದಲ್ಲಿ ಫ್ಯಾಕ್ಟರಿ ಸೂಪರ್‌ವೈಸರ್, ಮನೆ ತುಮಕೂರಲ್ಲೇ. ಪೀಟರ್ ಸಿಂಗರ್ ಅನ್ನೋ ತತ್ವಜ್ಞಾನಿ 1972ರಲ್ಲಿ ಬರೆದಿದ್ದರ ಬಗ್ಗೆ ಒಂದು ವಿಡಿಯೋ ನೋಡ್ದೆ, ಕೊಳದಲ್ಲಿ ಮಗು ಮುಳುಗ್ತಿದ್ರೆ ಬಟ್ಟೆ ಶೂ ಹಾಳಾಗುತ್ತೆ ಅಂತ ನಿಂತು ನೋಡ್ತೀಯಾ, ಇಲ್ಲ ಅಂದ್ಮೇಲೆ ದೂರದೇಶದಲ್ಲಿ ಸಾಯೋ ಮಗೂನ ಯಾಕೆ ಬಿಡ್ತೀಯಾ ಅಂತ. ಅವತ್ತಿಂದ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದ್ರೂ ಗಂಟಲಲ್ಲಿ ಇಳಿಯಲ್ಲ. ಮಗಳ ಸ್ಕೂಲ್ ಫೀಸಿಗೆ ಇಟ್ಟಿದ್ದ 30 ಸಾವಿರಾನ ಆಫ್ರಿಕಾ ಮಕ್ಕಳ ಸೊಳ್ಳೆಪರದೆಗೆ ಕಳಿಸ್ಬಿಟ್ಟೆ, ಹೆಂಡ್ತಿಗೆ ಹೇಳಿರ್ಲಿಲ್ಲ. ಈಗ ಅವಳು ಮಾತಾಡ್ತಿಲ್ಲ. ಭಾಮೈದ 'ಪಾವಗಡದಲ್ಲಿ ಬಡವರಿಲ್ವಾ ಭಾವ' ಅಂತ ಆಡ್ಕೊಂತಾನೆ. ನಂದು ತಪ್ಪಾ?

ಉತ್ತರ: ಕೊಟ್ಟಿದ್ದು ತಪ್ಪಲ್ಲ ಕಣಪ್ಪ, ಕದ್ದು ಕೊಟ್ಟಿದ್ದು ತಪ್ಪು. ಆ ಕೊಳದ ಕತೇಲಿ ಇಳಿಯೋನು ಹಾಳ್ಮಾಡ್ಕೊಳೋದು ತನ್ನ ಶೂನ, ನೀನು ಹೆಂಡ್ತಿ ಮಗಳ ಶೂ ಹಾಕ್ಕೊಂಡು ಇಳಿದಿದೀಯ, ಅದೂ ಅವರನ್ನ ಕೇಳ್ದೆ.

ಭಾಮೈದನ ಮಾತಿಗೆ ಬರೋಣ. ಪಾವಗಡದಲ್ಲಿ ಬಡವರಿದಾರೆ ಸರಿ, ಅವರಿಗೆ ಅವನು ಏನು ಕೊಟ್ಟಿದಾನೆ ಒಂದ್ಸಲ ಕೇಳು, 'ಮೊದಲು ನಮ್ಮೋರು' ಅನ್ನೋರಲ್ಲಿ ಎಷ್ಟೋ ಜನ ನಮ್ಮೋರಿಗೂ ಕೊಟ್ಟಿರಲ್ಲ. ಮಲೇರಿಯಾಕ್ಕೆ ವರ್ಷಕ್ಕೆ ಹತ್ರತ್ರ 6 ಲಕ್ಷ ಜನ ಸಾಯ್ತಾರೆ, ಬಹುತೇಕ ಆಫ್ರಿಕಾದಲ್ಲೇ, ಅದರಲ್ಲೂ ಜಾಸ್ತಿ ಐದು ವರ್ಷದೊಳಗಿನ ಕೂಸುಗಳು, ಔಷಧಿ ಹಾಕಿದ ಪರದೆ ಒಂದಕ್ಕೆ ಕೆಲವು ನೂರು ರೂಪಾಯಿ ಅಷ್ಟೇ. ನಿನ್ನ ದುಡ್ಡು ವೇಸ್ಟ್ ಜಾಗಕ್ಕೇನೂ ಹೋಗಿಲ್ಲ.

ಇನ್ನೊಂದು, ನಮ್ಮ ಸೀಮೆನೇ ಒಂದು ಕಾಲಕ್ಕೆ ಯಾರಿಗೋ 'ದೂರದ ಬಡವರು' ಆಗಿತ್ತು. 1876-78ರ ಧಾತು ಈಶ್ವರ ಬರ ಅಂತ ಹಿರಿಯರು ಹೇಳ್ತಿದ್ರಲ್ಲ, ಮೈಸೂರು ಸಂಸ್ಥಾನದ ಜನದಲ್ಲಿ ಸುಮಾರು ಐದರಲ್ಲೊಂದು ಪಾಲು ಹೋಗ್ಬಿಟ್ರು, ತುಮಕೂರು ಕೋಲಾರದ ಕಡೆಗಂತೂ ಬಲವಾದ ಏಟು. ಆಗ ಲಂಡನ್ನಿನ ಮೇಯರ್ 1877ರಲ್ಲಿ ಮ್ಯಾನ್ಷನ್ ಹೌಸ್ ಫಂಡ್ ಅಂತ ಚಂದಾ ಎತ್ತಿದ್ರು, ಮದ್ರಾಸು ಮೈಸೂರು ಅಂದ್ರೆ ಯಾವ ದಿಕ್ಕು ಅಂತಾನೂ ಗೊತ್ತಿಲ್ಲದೋರು ಕೊಟ್ಟಿದಾರೆ. (ಅದೇ ಬರದಲ್ಲಿ ಅವರದೇ ಸರ್ಕಾರ ದೇಶದಿಂದ ಧಾನ್ಯ ಹೊರಗೆ ಹೋಗೋದನ್ನ ನಿಲ್ಲಿಸ್ಲಿಲ್ಲ, ಅದು ಬೇರೆ ಸಿಟ್ಟು.) ಆ ಚಂದಾ ಕೊಟ್ಟೋರ ಅಕ್ಕಪಕ್ಕದಲ್ಲೂ ಬಡವರಿದ್ರಪ್ಪ. ಅಷ್ಟೆಲ್ಲ ಯಾಕೆ, ಸಿದ್ಧಗಂಗೆ ದಾಸೋಹಕ್ಕೆ ಹಳ್ಳಿಯಿಂದ ರಾಗಿ ಕೊಡೋ ರೈತ ಅದನ್ನ ತಿನ್ನೋ ಹುಡುಗ ಎಲ್ಲಿಯೋನು ಅಂತ ಕೇಳಿದ್ದುಂಟಾ?

ಆದ್ರೆ ತಟ್ಟೆ ಇಡ್ಲಿಗೆ ಲೆಕ್ಕ ಹಾಕೋದು ಬಿಡು. ಕೊಳದಲ್ಲಿರೋದು ಒಂದೇ ಮಗು, ಎತ್ತಿ ದಡಕ್ಕೆ ಬಿಟ್ರೆ ಮನೆಗೆ ಹೋಗ್ಬೋದು, ಬಡತನ ಹಂಗೆ ಒಂದಿನಕ್ಕೆ ಮುಗಿಯಲ್ಲ, ನೀನು ಹಿಂಗೇ ಕೊರಗ್ತಾ ಇದ್ರೆ ಆರು ತಿಂಗಳಲ್ಲಿ ಸುಸ್ತಾಗಿ ಕೊಡೋದನ್ನೇ ನಿಲ್ಲಿಸ್ತೀಯ. ಸಂಬಳದಲ್ಲಿ ಇಷ್ಟು ಪಾಲು ಅಂತ ಗೊತ್ತು ಮಾಡ್ಕೋ, ಮಿಕ್ಕಿದ್ದನ್ನ ನಿಶ್ಚಿಂತೆಯಾಗಿ ತಿನ್ನು. ಎಷ್ಟು ಪಾಲು ಅಂತ ನಾನು ಹೇಳಲ್ಲ, ನಿನ್ನ ಮನೆಯೋಳು ಹೇಳ್ಬೇಕು. ಹೊರದೇಶದ ಸಂಸ್ಥೆಗೆ ನೇರವಾಗಿ ಕೊಟ್ರೆ 80ಜಿ ಟ್ಯಾಕ್ಸ್ ವಿನಾಯಿತಿ ಸಿಗಲ್ಲ, ಅದೂ ಗೊತ್ತಿರ್ಲಿ.

ಸದ್ಯಕ್ಕೆ ಓವರ್‌ಟೈಮೋ ಏನೋ ಮಾಡಿ ಮೊದಲು ಫೀಸ್ ದುಡ್ಡು ಹೊಂದಿಸು. ಅವಳ ಹತ್ರ ಕೂತು ತಪ್ಪಾಯ್ತು ಅನ್ನು, 'ಆದ್ರೆ' ಅಂತ ಬಾಲ ಸೇರಿಸ್ಬೇಡ. ಆ ವಿಡಿಯೋನ ಅವಳಿಗೂ ತೋರ್ಸು, ಅವತ್ತೇ ಅಲ್ಲ, ಒಂದೆರಡು ವಾರ ಬಿಟ್ಟು.