ಆ ಬುಟ್ಟಿ ಮೊದಲು ತೆಗೆಯಿರಿ

ಅಕ್ಕಾ, ನಿಮ್ಮ ಪೋಸ್ಟ್ ಓದಿದೆ. ಮೊದಲು ಬೆಕ್ಕಿನ ಮರಿಗಳ ಮೇಲಿನ ಆ ಬುಟ್ಟಿ ತೆಗೆಯಿರಿ. ಉಳಿದದ್ದನ್ನು ಆಮೇಲೆ ಓದಿ.

ಮೂರೂ ಮರಿಗಳಿಗೆ ಸೀನು, ಕಣ್ಣಲ್ಲಿ ಗೀಜು. ದಿನಕ್ಕೆ ಎರಡು ಸಲ ಬುಟ್ಟಿ ಕವುಚಿ ನೀಲಗಿರಿ ಎಣ್ಣೆಯ ಆವಿ, ಬೆಳ್ಳುಳ್ಳಿ ಜಜ್ಜಿ ಹಾಕಿದ ತುಳಸಿ ಕಷಾಯ. ಜ್ವರ 102 ಇದೆ, ಕಾಲು ಡೋಲೋ ಕೊಡಬಹುದೇ ಎಂದು ಕೇಳಿದ್ದೀರಿ. ಆ ಪೋಸ್ಟಿನ ಕೆಳಗೆ ಇಷ್ಟೊಂದು ಜನ ‘ಎಲ್ಲ ನೈಸರ್ಗಿಕ, ಏನೂ ಆಗುವುದಿಲ್ಲ’ ಎಂದು ಬರೆದು ಹೋಗಿದ್ದಾರೆ. ಅವರಲ್ಲಿ ಒಬ್ಬರೂ ರಾತ್ರಿ ಹನ್ನೊಂದಕ್ಕೆ ನಿಮ್ಮ ಜೊತೆ ಪಶು ಆಸ್ಪತ್ರೆಗೆ ಬರುವುದಿಲ್ಲ.

ಡೋಲೋ ಬೇಡವೇ ಬೇಡ. ಬೆಕ್ಕಿಗೆ 102 ಫ್ಯಾರನ್‌ಹೀಟ್ ಜ್ವರವೇ ಅಲ್ಲ. ಅದರ ಮೈಯ ಸಹಜ ಬಿಸಿಯೇ 100.5ರಿಂದ 102.5ರವರೆಗೆ ಇರುತ್ತದೆ. 650ರ ಮಾತ್ರೆಯ ಕಾಲು ಭಾಗವೆಂದರೆ ಸುಮಾರು 160 ಮಿಲಿಗ್ರಾಂ ಪ್ಯಾರಾಸಿಟಮಾಲ್. ಒಂದು ಕಿಲೋ ತೂಗದ ಮರಿಯನ್ನು ಕೊಲ್ಲಲು ಅಷ್ಟು ಸಾಕು. ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದುತ್ತವೆ, ರಕ್ತ ಆಮ್ಲಜನಕ ಹೊರುವುದನ್ನೇ ಬಿಡುತ್ತದೆ. ಕ್ರೋಸಿನ್ ಆದರೂ ಅದೇ, ಮಕ್ಕಳ ಸಿರಪ್ ಆದರೂ ಅದೇ. ಬೆಳ್ಳುಳ್ಳಿಯನ್ನೂ ನಿಲ್ಲಿಸಿ. ಈರುಳ್ಳಿ, ಬೆಳ್ಳುಳ್ಳಿ ಎರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ; ನಾಯಿಗೂ ಒಳ್ಳೆಯದಲ್ಲ. ತುಳಸಿ ಎರಡು ಎಲೆ ತಿಂದರೆ ತೊಂದರೆ ಇಲ್ಲ, ಆದರೆ ಅದರಿಂದ ವೈರಸ್ ಸಾಯುವುದೂ ಇಲ್ಲ.

ಈಗ ನೀಲಗಿರಿ. ಆರು ವರ್ಷದ ಹಿಂದೆ, ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಆಷಾಢದ ಮಳೆ, ಮೂರು ದಿನದಿಂದ ಕರೆಂಟಿಲ್ಲ. ನಮ್ಮ ಬೆಕ್ಕು ಚುಕ್ಕಿಗೆ ಆಗ ಐದು ತಿಂಗಳು. ಮೂಗು ಕಟ್ಟಿ ಗೊರಗೊರ ಎನ್ನುತ್ತಿತ್ತು. ಊಟಿಯ ಅಸಲಿ ಎಣ್ಣೆ ಎಂದು ಬಾವ ತಂದುಕೊಟ್ಟ ಸೀಸೆ ಮನೆಯಲ್ಲಿತ್ತು. ಮಕ್ಕಳಿಗೆ ಕೊಡುವಂತೆಯೇ ಬಿಸಿನೀರಿಗೆ ಆರೇಳು ಹನಿ ಹಾಕಿ, ಪಕ್ಕದಲ್ಲಿ ಬೆಕ್ಕನ್ನು ಕೂರಿಸಿ, ಮೇಲೆ ಅಡಿಕೆ ಹೊರುವ ಬುಟ್ಟಿ ಕವುಚಿ ಕಂಬಳಿ ಹೊದಿಸಿದೆ. ಮೊದಲು ಕೂಗಿತು, ಆಮೇಲೆ ಸುಮ್ಮನಾಯಿತು. ಹಾಯೆನಿಸಿ ಮಲಗಿತು ಎಂದುಕೊಂಡೆ. ಹತ್ತು ನಿಮಿಷಕ್ಕೆ ತೆಗೆದರೆ ಎದೆಯ ತನಕ ಜೊಲ್ಲು, ಹಿಂಗಾಲು ಎರಡೂ ತೂರಾಡುತ್ತಿವೆ. ಆವಿಯ ಜೊತೆ ಎಣ್ಣೆ ಕೂದಲ ಮೇಲೆ ಕೂತಿತ್ತು. ಬೆಕ್ಕು ಸುಮ್ಮನಿರುತ್ತದೆಯೇ? ಮೈ ನೆಕ್ಕತೊಡಗಿತು, ಎರಡನೆಯ ಸುತ್ತಿನ ವಿಷ ಹೊಟ್ಟೆಯ ಮೂಲಕ. ಇಂಥ ಎಣ್ಣೆಗಳನ್ನು ಕರಗಿಸಿ ಹೊರಹಾಕುವ ಕಿಣ್ವ ಬೆಕ್ಕಿನ ಯಕೃತ್ತಿನಲ್ಲಿ ತೀರ ಕಡಿಮೆ ಎಂದು ಆ ರಾತ್ರಿ ಫೋನಿನಲ್ಲಿ ವೈದ್ಯರು ಬೈದ ಮೇಲೆಯೇ ನನಗೆ ಗೊತ್ತಾದದ್ದು. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಮೈ ತೊಳೆಸಿ, ಒಲೆಯ ಮುಂದೆ ಒರೆಸುತ್ತ ಬೆಳಗು ಮಾಡಿದೆವು.

ಬದುಕಿತು. ಆದರೆ ಬುದ್ಧಿ ಬಂತೇ? ಇಲ್ಲ. ಮಾರನೆಯ ದಿನ ಎಡಗಣ್ಣು ತೆರೆಯದಿದ್ದಾಗ, ಅಮ್ಮನ ಪೊರೆ ಶಸ್ತ್ರಚಿಕಿತ್ಸೆಯ ನಂತರ ಉಳಿದಿದ್ದ ಹನಿಯನ್ನು ಎರಡು ದಿನ ಹಾಕಿದೆ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಹರ್ಪಿಸ್ ವೈರಸ್‌ನಿಂದ ಹುಣ್ಣಾದ ಕಣ್ಣಿಗೆ ಸ್ಟೀರಾಯ್ಡ್ ಹಾಕುವುದೂ ಬೆಂಕಿಗೆ ತುಪ್ಪ ಸುರಿಯುವುದೂ ಒಂದೇ. ಇವತ್ತಿಗೂ ಆ ಕಣ್ಣಿನ ಮೇಲೆ ಬಿಳಿ ಕಲೆ ಇದೆ. ಎಡಗಡೆಯಿಂದ ಕೈ ಚಾಚಿದರೆ ಬೆಚ್ಚುತ್ತದೆ. ನಿಮ್ಮ ಮೂರನೆಯ ಚಿತ್ರದ ಕಂದು ಮರಿ ಒಂದು ಕಣ್ಣು ಕಿರಿದು ಮಾಡಿದೆ, ನೋಡಿದಿರಾ? ನಾಳೆ ಬೆಳಗ್ಗೆಯೇ ತೋರಿಸಿ. ಮನೆಯಲ್ಲಿರುವ ಯಾವ ಹನಿಯೂ ಬೇಡ. ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಗೀಜು ಒರೆಸಿ, ಕಣ್ಣಿಗೊಂದು ಹತ್ತಿ, ಮರಿಗೊಂದು ಹತ್ತಿ.

ಬೆಕ್ಕಿನ ‘ಫ್ಲೂ’ ಎಂದು ನಾವು ಕರೆಯುವುದು ಹೆಚ್ಚಾಗಿ ಇನ್‌ಫ್ಲುಯೆಂಜಾ ಅಲ್ಲವೇ ಅಲ್ಲ. ಹರ್ಪಿಸ್ ಅಥವಾ ಕ್ಯಾಲಿಸಿ ವೈರಸ್. ಕಣ್ಣು ಕೆಟ್ಟರೆ ಹರ್ಪಿಸ್ ಮೇಲೆ ಅನುಮಾನ, ನಾಲಗೆಯ ಮೇಲೆ ಹುಣ್ಣಾದರೆ ಕ್ಯಾಲಿಸಿ ಮೇಲೆ. ಹರ್ಪಿಸ್ ಒಮ್ಮೆ ಹೊಕ್ಕರೆ ಸಾಯುವ ತನಕ ಒಳಗೇ ಅಡಗಿರುತ್ತದೆ; ಮನೆ ಬದಲಿಸಿದಾಗ, ಹೊಸ ಬೆಕ್ಕು ಬಂದಾಗ ತಲೆ ಎತ್ತುತ್ತದೆ. ಅದಕ್ಕೆ ಲೈಸಿನ್ ಎಂಬ ಅಮೈನೋ ಆಮ್ಲದ ಪುಡಿ ಕೊಡಿ ಎಂದು ಮೇಲಿನ ಕಾಮೆಂಟಿನಲ್ಲಿ ಒಬ್ಬರು ಬರೆದಿದ್ದಾರೆ. ನಾನೂ ಎರಡು ಡಬ್ಬಿ ಸುರಿದೆ. ಆ ತನಕದ ಅಧ್ಯಯನಗಳನ್ನೆಲ್ಲ ಜಾಲಾಡಿ 2015ರಲ್ಲಿ ಪ್ರಕಟವಾದ ವಿಮರ್ಶೆ, ಅದರಿಂದ ಪ್ರಯೋಜನವಿಲ್ಲ, ಕೊಡುವುದನ್ನು ನಿಲ್ಲಿಸಿ ಎಂದೇ ಹೇಳಿದೆ. ಆ ದುಡ್ಡಿಗೆ ಮೀನು ತನ್ನಿ.

ನನಗೆ ಫಲ ಕೊಟ್ಟದ್ದು ಆವಿಯೇ, ಆದರೆ ಬರೀ ನೀರಿನದು. ಬಚ್ಚಲಿನ ಬಾಗಿಲು ಹಾಕಿ, ಬಕೆಟಿಗೆ ಬಿಸಿನೀರು ಬಿಟ್ಟು, ಬಕೆಟಿನ ಬಾಯಿಗೆ ಜಾಲರಿ ಮುಚ್ಚಿ, ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡು ನೀವೂ ಹತ್ತು ನಿಮಿಷ ಕೂರಿ. ನಿಮಗೆ ಉಸಿರು ಕಟ್ಟಿದರೆ ಅದಕ್ಕೂ ಕಟ್ಟುತ್ತದೆ, ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ. ಹಂಡೆಯ ಒಲೆ ಇರುವ ಬಚ್ಚಲಾದರೆ ಹೊಗೆ ಪೂರ್ತಿ ಹೋದ ಮೇಲೆ. ಆಮೇಲೆ ಸಲೈನ್ ನೀರು ಹೊಳ್ಳೆಗೆ ಒಂದೊಂದು ಹನಿ. ಮೆಡಿಕಲ್‌ನಲ್ಲಿ ಬರೀ ಸಲೈನ್ ಎಂದು ಕೇಳಿ. ಒಟ್ರಿವಿನ್‌ನಂಥ ಮೂಗು ಬಿಡಿಸುವ ಔಷಧದ ಹನಿ ನಾಯಿ ಬೆಕ್ಕು ಎರಡಕ್ಕೂ ಅಪಾಯ. ವಿಕ್ಸ್‌ನಲ್ಲಿ ಇರುವುದೂ ಕರ್ಪೂರ, ಪುದೀನ ಸತ್ವ, ಇದೇ ನೀಲಗಿರಿ. ಅದನ್ನು ಎದೆಗೆ ಹಚ್ಚಬೇಡಿ. ಮರಿಗಳಿರುವ ಕೋಣೆಯಲ್ಲಿ ಸಾಂಬ್ರಾಣಿ ಹಾಕಬೇಡಿ, ಸೊಳ್ಳೆ ಬತ್ತಿಯೂ ಬೇಡ.

ಮೂಗು ಬಿಟ್ಟಿತೋ, ತಕ್ಷಣ ಊಟ. ವಾಸನೆ ಸಿಗದ ಬೆಕ್ಕು ಉಣ್ಣುವುದಿಲ್ಲ. ದೊಡ್ಡ ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಯಕೃತ್ತಿಗೆ ಕೊಬ್ಬು ತುಂಬಿ ಅದೇ ದೊಡ್ಡ ಕಾಯಿಲೆಯಾಗುತ್ತದೆ. ನಿಮ್ಮ ಮರಿಗಳಷ್ಟು ಸಣ್ಣವಾದರೆ ಒಂದು ದಿನವೂ ಕಾಯಬೇಡಿ. ನಮ್ಮ ಮನೆಯೊಳಗೆ ಮೀನು ಬರುವಂತಿಲ್ಲ. ಹಾಗಾಗಿ ಕೊಟ್ಟಿಗೆಯ ಹಿಂದೆ ಮೂರು ಕಲ್ಲಿಟ್ಟು ಬಂಗುಡೆ ಬೇಯಿಸುತ್ತೇನೆ. ಅಮ್ಮ ಕಂಡೂ ಕಾಣದಂತಿರುತ್ತಾಳೆ. ಉಪ್ಪು, ಮಸಾಲೆ ಏನೂ ಇಲ್ಲ, ಮುಳ್ಳು ಬಿಡಿಸಿ, ಬೇಯಿಸಿದ ನೀರಿನಲ್ಲೇ ಕಿವುಚಿ, ಉಗುರುಬೆಚ್ಚಗೆ ಇರುವಾಗಲೇ ಇಡಬೇಕು. ತಣ್ಣಗಾದರೆ ಮೂಸಿ ಹೋಗುತ್ತದೆ. ಪೌಚ್ ಆಹಾರವೇ ಆದರೆ ವಿಸ್ಕಾಸ್ ಸಾಕು. ದುಬಾರಿ ಷೆಬಾಕ್ಕೂ ಅದಕ್ಕೂ ಚುಕ್ಕಿ ವ್ಯತ್ಯಾಸ ತೋರಿಸಿಲ್ಲ. ಪೌಚನ್ನು ಬಿಸಿನೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಒಡೆಯಿರಿ. ಅರಿಸಿನದ ಹಾಲು ಕೊಟ್ಟರೆ ಶೀತದ ಜೊತೆ ಭೇದಿ ಉಚಿತ.

ನೆಲ ಒರೆಸಲು ಫಿನಾಯಿಲ್, ಡೆಟಾಲ್ ಬೇಡ. ಪಾದಕ್ಕೆ ಹತ್ತಿದ್ದನ್ನು ಬೆಕ್ಕು ನೆಕ್ಕಿಯೇ ನೆಕ್ಕುತ್ತದೆ. ಕ್ಯಾಲಿಸಿ ವೈರಸ್ ಒಣ ನೆಲದಲ್ಲೂ ವಾರಗಟ್ಟಲೆ ಬದುಕುತ್ತದೆ, ಕೈಗೆ ಹಚ್ಚುವ ಸ್ಯಾನಿಟೈಸರ್‌ಗೆ ಅಷ್ಟಾಗಿ ಜಗ್ಗುವುದಿಲ್ಲ. ಒಂದು ಲೋಟ ಬ್ಲೀಚ್ ದ್ರವಕ್ಕೆ 32 ಲೋಟ ನೀರು, ಹತ್ತು ನಿಮಿಷ ಬಿಟ್ಟು ಬರೀ ನೀರಿನಲ್ಲಿ ಒರೆಸಿ, ಒಣಗುವ ತನಕ ಮರಿಗಳು ಬೇರೆ ಕೋಣೆಯಲ್ಲಿ.

ನಾಯಿಯೂ ಕೆಮ್ಮುತ್ತಿದೆ ಎಂದಿರಿ. ಬೆಕ್ಕಿನ ಈ ಎರಡು ವೈರಸ್ ಸಾಮಾನ್ಯವಾಗಿ ನಾಯಿಗೆ ಅಂಟುವುದಿಲ್ಲ. ಗಂಟಲಲ್ಲಿ ಮೂಳೆ ಸಿಕ್ಕಂತೆ ಒಣ ಕೆಮ್ಮು ಇದ್ದು ಊಟ ಆಟ ಸರಿ ಇದ್ದರೆ ನಾಯಿಯಿಂದ ನಾಯಿಗೆ ಹರಡುವ ಕೆನೆಲ್ ಕೆಮ್ಮು ಇರಬಹುದು. ಕೊರಳ ಪಟ್ಟಿ ಬಿಚ್ಚಿ ಎದೆಗೆ ಕಟ್ಟುವ ಹಾರ್ನೆಸ್ ಹಾಕಿ, ವರ್ಷ ದಾಟಿದ ನಾಯಿಯಾದರೆ ಅರ್ಧ ಚಮಚ ಜೇನು ನೆಕ್ಕಿಸಿ. ಆದರೆ ಲಸಿಕೆ ಆಗದ ನಾಯಿಗೆ ಕಣ್ಣು ಮೂಗಿನಿಂದ ದಪ್ಪನೆಯ ಕೀವು, ಜ್ವರ, ಭೇದಿ ಇದ್ದರೆ ಡಿಸ್ಟೆಂಪರ್ ಎಂಬ ಮಾರಕ ವೈರಸ್ ರೋಗ ಕೂಡ ಹೀಗೆಯೇ ಶುರುವಾಗುತ್ತದೆ. ಕಷಾಯ ಕಾಯಿಸುತ್ತ ಕೂರಬೇಡಿ.

ಹಸಿ ಕೋಳಿಯ ಕರುಳು ಹಾಕಿದರೆ ‘ಶಕ್ತಿ’ ಬರುತ್ತದೆ ಎಂದವರಿಗೂ ಒಂದು ಮಾತು. ನಿಜವಾದ ಫ್ಲೂ, ಅಂದರೆ ಹಕ್ಕಿಜ್ವರದ ಎಚ್5ಎನ್1, 2025ರ ಜನವರಿಯಲ್ಲಿ ಮಧ್ಯಪ್ರದೇಶದ ಛಿಂದ್ವಾಡದ ಸಾಕುಬೆಕ್ಕುಗಳಲ್ಲಿ ಸಿಕ್ಕಿತು. ಅದಾಗಿ ಸ್ವಲ್ಪ ದಿನಕ್ಕೇ ನಮ್ಮ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳ ಕೋಳಿಗಳಲ್ಲಿ ಹಕ್ಕಿಜ್ವರ ಕಾಣಿಸಿತು. ಬೇಯಿಸಿ ಹಾಕಿ.

ಮರಿಗಳು ಚೇತರಿಸಿಕೊಂಡ ಮೇಲೆ ಮೂರಕ್ಕೂ ಈ ಎರಡು ವೈರಸ್‌ಗಳ ವಿರುದ್ಧವೂ ಕೆಲಸ ಮಾಡುವ ಟ್ರೈಕ್ಯಾಟ್ ಲಸಿಕೆ: ಎಂಟು ವಾರಕ್ಕೆ ಮೊದಲನೆಯದು, ಆಮೇಲೆ ಮೂರು ನಾಲ್ಕು ವಾರಕ್ಕೊಂದು, ಹದಿನಾರು ವಾರ ತುಂಬುವ ತನಕ. ಹಾಕಿಸಿದರೂ ಸೀನು ಬರಬಹುದು, ಆದರೆ ಹೀಗೆ ಮಲಗಿಸುವುದಿಲ್ಲ. ನಾಳೆ ಹೋಗುವಾಗ ಮೂರನ್ನೂ ಒಂದೇ ಬುಟ್ಟಿಯಲ್ಲಿ ಒಯ್ಯಿರಿ, ಚಿಂತೆಯಿಲ್ಲ, ಹೇಗಿದ್ದರೂ ಒಂದೇ ಸೋಂಕು. ಆ ನೀಲಗಿರಿ ವಾಸನೆ ಹಿಡಿದ ಬುಟ್ಟಿ ಮಾತ್ರ ಬೇಡ.