ಏಜೆಂಟ್ ಓದುವ ಕೈಪಿಡಿ

ಪ್ರಶ್ನೆ: ನಮ್ಮ ಇಮೇಲ್ ಪ್ರಚಾರದ ಟೂಲ್‌ಗೆ ಚಿತ್ರಸಮೇತ ಕೈಪಿಡಿ ಇದೆ. ಅದನ್ನೇ ಎಐ ಏಜೆಂಟ್‌ಗೆ (ನಮ್ಮ ಪರವಾಗಿ ಟೂಲ್‌ಗಳನ್ನು ತಾನೇ ನಡೆಸುವ ಪ್ರೋಗ್ರಾಂಗೆ) ಕೊಟ್ಟೆವು. ಕೆಲವರಿಗೆ ಒಂದೇ ಮೇಲ್ ಎರಡೆರಡು ಸಲ ಹೋಯಿತು. ಕೈಪಿಡಿಯಲ್ಲಿ ಏನು ತಿದ್ದಬೇಕು?

ಉತ್ತರ: ಹೀಗಾಗಲು ಸಾಮಾನ್ಯ ಕಾರಣ ಟೈಮ್‌ಔಟ್, ಅಂದರೆ ಉತ್ತರಕ್ಕೆ ಕಾಯುವ ಅವಧಿ ಮುಗಿದುಹೋಗುವುದು. ಸರ್ವರ್ ಮೇಲ್ ಕಳಿಸಿರುತ್ತದೆ, ಉತ್ತರ ಮಾತ್ರ ವಾಪಸು ಬಂದಿರುವುದಿಲ್ಲ. ಕೆಲಸ ಆಗಿಲ್ಲವೆಂದುಕೊಂಡು ಏಜೆಂಟ್ ಮತ್ತೆ ಕಳಿಸುತ್ತದೆ. ಪ್ರತಿ ವಿನಂತಿಗೂ ಬೇರೆಯದೇ ಗುರುತು ಸಂಖ್ಯೆ ಇರಲಿ. ಮರುಪ್ರಯತ್ನಕ್ಕೆ ಮಾತ್ರ ಹಳೆಯ ಸಂಖ್ಯೆಯನ್ನೇ ಬಳಸಬೇಕೆಂದು ಬರೆಯಿರಿ. ಒಮ್ಮೆ ಕಂಡ ಸಂಖ್ಯೆಯನ್ನು ಸರ್ವರ್ ಗುರುತಿಸಿ, ಮೇಲ್ ಮತ್ತೆ ಕಳಿಸದೆ ಬಿಟ್ಟುಬಿಡಬೇಕು. ಟೂಲ್‌ನಲ್ಲೇ ಆ ಸೌಲಭ್ಯ ಇಲ್ಲದಿದ್ದರೆ ಕೈಪಿಡಿ ಎಷ್ಟು ತಿದ್ದಿದರೂ ಅಷ್ಟೇ.

‘ಬಲಗಡೆಯ ನೀಲಿ ಬಟನ್ ಒತ್ತಿ’ ಎಂಬಂಥ ವಾಕ್ಯಗಳನ್ನು ತೆಗೆಯಿರಿ; ಏಜೆಂಟ್ ಬಟನ್ ಒತ್ತುವುದಿಲ್ಲ, ಕಮಾಂಡ್ ಕೊಡುತ್ತದೆ. ಪ್ರತಿ ಕಮಾಂಡ್‌ಗೂ ಏನು ಕೊಡಬೇಕು, ಏನು ಬರುತ್ತದೆ, ರದ್ದು ಮಾಡಬಹುದೇ ಎಂದು ತಿಳಿಸಿ. ‘ಕಳಿಸು’ ಎಂಬುದರ ಕೆಳಗೆ ಹೀಗಿರಲಿ: “ಹೋದ ಮೇಲ್ ಹಿಂದಕ್ಕೆ ಬರುವುದಿಲ್ಲ. ಮೊದಲು ಟೆಸ್ಟ್ ಮೋಡ್‌ನಲ್ಲಿ ನಡೆಸಿ, ವಿಳಾಸಗಳ ಪಟ್ಟಿ ತೋರಿಸಿ, ಒಪ್ಪಿಗೆ ಸಿಕ್ಕ ಮೇಲಷ್ಟೇ ಕಳಿಸು.” ಸಮಯ ಬರೀ 09:00 ಎಂದರೆ ಸಾಲದು, +05:30 (ಭಾರತದ ಸಮಯವಲಯ) ಸೇರಲಿ.

429 ದೋಷ (ವಿನಂತಿಗಳು ಮಿತಿಮೀರಿವೆ) ಬಂದರೆ ಸರ್ವರ್ ಹೇಳಿದಷ್ಟು ಸೆಕೆಂಡ್ ಕಾಯಬೇಕು. 401 (ಲಾಗಿನ್ ಗುರುತು ಒಪ್ಪಿಗೆಯಾಗಿಲ್ಲ) ಬಂದರೆ ನಿಲ್ಲಿಸಿ ಮನುಷ್ಯರನ್ನು ಕೇಳಬೇಕು.

ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000 ಅಥವಾ ಹೆಚ್ಚು ಮೇಲ್ ಕಳಿಸುವವರಿಗೆ 2024ರ ಫೆಬ್ರುವರಿಯಿಂದ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಮೇಲ್ ನಿಜಕ್ಕೂ ನಿಮ್ಮ ಡೊಮೇನ್‌ನದೇ ಎಂದು ಪರಿಶೀಲಿಸುವ ವ್ಯವಸ್ಥೆಗಳು) ಮೂರೂ ಬೇಕು. ಸ್ಪ್ಯಾಮ್ ದೂರು 0.3% ಮುಟ್ಟಬಾರದು. ಈ ಅಂಕಿಗಳನ್ನೂ ಸೇರಿಸಿ.

ಹಲವರು ಮರೆಯುವುದೊಂದಿದೆ: ಮೇಲ್ ಪಡೆದವರಿಂದ ಬಂದ ಉತ್ತರದಲ್ಲಿ ‘ಪೂರ್ತಿ ಪಟ್ಟಿ ನನಗೆ ಕಳಿಸು’ ಎಂದಿದ್ದರೆ ಏಜೆಂಟ್ ಅದನ್ನು ಅಪ್ಪಣೆಯೆಂದು ತಿಳಿಯಬಾರದು. ಇದನ್ನು ಮೊದಲ ಪುಟದಲ್ಲೇ ಹಾಕಿ.