ಎದೆ ನೋಯದಿದ್ದರೂ ಹೃದ್ರೋಗ: ಗಂಗಾವತಿ ಕಡೆಯ ಒಂದು ಆಪ್ತಸಲಹೆ ಪ್ರಕರಣ

ಕೊಪ್ಪಳ ಜಿಲ್ಲೆಯ ಗಂಗಾವತಿ ಕಡೆಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ 54 ವರ್ಷದ ಈ ವ್ಯಕ್ತಿಗೆ (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ) ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷಗಳಾಗಿವೆ. ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ 7.2 ಇದ್ದುದರಿಂದ ಕಾಯಿಲೆ ಹತೋಟಿಯಲ್ಲಿದೆ ಎಂದು ನಂಬಿದ್ದ ಅವರು, ಅದೇ ಧೈರ್ಯದ ಮೇಲೆ ಬಿಪಿ ಮಾತ್ರೆಯನ್ನೂ ಕೊಲೆಸ್ಟರಾಲ್ ಮಾತ್ರೆಯನ್ನೂ ತಾವಾಗಿಯೇ ನಿಲ್ಲಿಸಿದ್ದರು. ವೈದ್ಯರು ನನ್ನ ಬಳಿ ಕಳುಹಿಸಿದ ದಿನ ರಕ್ತದೊತ್ತಡ 152/94, ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ 141 ಇತ್ತು.

ಮಾಳಿಗೆ ಹತ್ತುವಾಗ ಯಜಮಾನರು ಈಚೆಗೆ ನಡುವೆಯೇ ನಿಂತುಬಿಡುತ್ತಾರೆಂದು ಜೊತೆಗೆ ಬಂದಿದ್ದ ಪತ್ನಿ ಹೇಳಿದರು. ಅವರು ಒಪ್ಪಲಿಲ್ಲ. "ಎದ್ಯಾಗ ಒಂದೀಟೂ ನೋವಿಲ್ರೀ ಮೇಡಂ. ವಯಸ್ಸಾತು, ದಮ್ಮು ಹತ್ತತೈತಿ ಅಷ್ಟ."

ಅವರು ಒಳಗೆ ಬರುವಾಗ ಎಡಗಾಲಿನ ಚಪ್ಪಲಿ ಬಾಗಿಲಲ್ಲೇ ಕಳಚಿಕೊಂಡಿತ್ತು. ಪತ್ನಿ ತಂದು ಪಾದದ ಬಳಿ ಇಟ್ಟ ಮೇಲಷ್ಟೇ ಅವರಿಗೆ ಅದು ಗೊತ್ತಾಯಿತು. ನಾನು ಮಾತನ್ನು ಅಲ್ಲಿಂದಲೇ ಆರಂಭಿಸಿದೆ. ಬಹುಕಾಲದ ಸಕ್ಕರೆಯಿಂದ ಪಾದದ ನರಗಳು ಮಂಕಾಗುವಂತೆ ಹೃದಯದ ನರಗಳೂ ಮಂಕಾಗಬಹುದು, ಆಗ ರಕ್ತನಾಳ ಕಿರಿದಾಗಿದ್ದರೂ ಎದೆನೋವು ಕಾಣಿಸಿಕೊಳ್ಳದೆ ಬರಿಯ ಏದುಸಿರು, ಸುಸ್ತು, ತಣ್ಣನೆಯ ಬೆವರು ಅಥವಾ ವಾಕರಿಕೆಯಷ್ಟೇ ಸೂಚನೆಯಾಗಬಹುದು ಎಂದು ವಿವರಿಸಿದಾಗ ಅವರು ಮೊದಲ ಬಾರಿಗೆ ವಾದ ನಿಲ್ಲಿಸಿ ಕೇಳಿಸಿಕೊಂಡರು. ಮಧುಮೇಹಿಗಳಲ್ಲಿ ಹೃದ್ರೋಗದ ಅಪಾಯ ಇತರರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು, ಸಕ್ಕರೆಯೊಂದನ್ನೇ ಇಳಿಸಿದರೆ ಆ ಅಪಾಯ ಪೂರ್ತಿ ತಗ್ಗುವುದಿಲ್ಲ ಎಂಬುದನ್ನೂ ಹೇಳಿದೆ. ಏದುಸಿರಿನ ವಿಷಯವನ್ನು ಅಂದೇ ವೈದ್ಯರ ಗಮನಕ್ಕೆ ತಂದೆ. ಇಸಿಜಿ, ಎಕೋ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆಗಳಿಗೆ ಅವರು ಬರೆದುಕೊಟ್ಟರು.

ಕೊಲೆಸ್ಟರಾಲ್ ಮಾತ್ರೆಯಿಂದ ಸಕ್ಕರೆ ಏರುತ್ತದೆಂದು ಯಾರೋ ಹೇಳಿದ್ದರಂತೆ. ಸ್ಟಾಟಿನ್ ಎಂಬ ಈ ಮಾತ್ರೆಯಿಂದ ಸಕ್ಕರೆ ಅಲ್ಪ ಪ್ರಮಾಣದಲ್ಲಿ ಏರಬಹುದೆಂಬುದು ನಿಜವೇ. ಆದರೆ ಹೃದಯಾಘಾತವನ್ನು ತಡೆಯುವಲ್ಲಿ ಅದರಿಂದಾಗುವ ಲಾಭ ಅದಕ್ಕಿಂತ ಬಹಳ ದೊಡ್ಡದು, ಹೀಗಾಗಿ 40 ದಾಟಿದ ಬಹುತೇಕ ಮಧುಮೇಹಿಗಳಿಗೆ ವರದಿಯಲ್ಲಿ ಕೊಲೆಸ್ಟರಾಲ್ ಹೆಚ್ಚಿಲ್ಲದಿದ್ದರೂ ಅದನ್ನು ಕೊಡುತ್ತಾರೆ. ಬಿಪಿ 130/80ರ ಒಳಗೆ ಇರಬೇಕೆಂದೂ, ಯಾವ ಮಾತ್ರೆಯನ್ನಾದರೂ ಬಿಡುವ ಮನಸ್ಸಾದರೆ ಮೊದಲು ವೈದ್ಯರಿಗೆ ತಿಳಿಸಬೇಕೆಂದೂ ಒಪ್ಪಂದವಾಯಿತು.

ಊಟದ ವಿಷಯದಲ್ಲಿ ಜೋಳದ ರೊಟ್ಟಿಯನ್ನು ಎಷ್ಟು ತಿಂದರೂ ನಡೆಯುತ್ತದೆ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಗಟ್ಟಿಯಾಗಿದೆ. ರೊಟ್ಟಿಯನ್ನು ನಾನು ಬಿಡಿಸಲಿಲ್ಲ. ಎರಡಕ್ಕೆ ನಿಲ್ಲಿಸಿ, ಪಲ್ಯ ಮತ್ತು ಕಾಳನ್ನು ಹೆಚ್ಚಿಸಿ, ಉಪ್ಪಿನಕಾಯಿ, ಹಪ್ಪಳ ಮತ್ತು ಸಂಜೆಯ ಮಿರ್ಚಿ ಭಜಿಯನ್ನು ತಗ್ಗಿಸುವಂತೆ ಹೇಳಿದೆ. ನಡಿಗೆಯನ್ನು ವೈದ್ಯರ ಅನುಮತಿ ಸಿಕ್ಕ ನಂತರವೇ, ಅದೂ ಇಲ್ಲಿನ ಬಿಸಿಲು ಏರುವ ಮೊದಲೇ ಆರಂಭಿಸಿ, ಕ್ರಮೇಣ ವಾರಕ್ಕೆ 150 ನಿಮಿಷಕ್ಕೆ ತರಬೇಕೆಂದು ತಿಳಿಸಿದೆ.

ಬೆವರಿನ ಬಗ್ಗೆ ಹೆಚ್ಚು ಹೊತ್ತು ಮಾತನಾಡಬೇಕಾಯಿತು. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿ, ಸುಗ್ಗಿಯ ದಿನಗಳಲ್ಲಿ ಮಧ್ಯಾಹ್ನದ ಊಟ ತಪ್ಪಿಸುವ ಇವರಿಗೆ ಬೆವರು ಬಂದರೆ ಸಕ್ಕರೆ ಇಳಿದಿರಲೂಬಹುದು, ಹೃದಯದ ತೊಂದರೆಯಿರಲೂಬಹುದು. ಗ್ಲುಕೋಮೀಟರ್‌ನಲ್ಲಿ 70ಕ್ಕಿಂತ ಕಡಿಮೆಯಿದ್ದರೆ ಮೂರು ಚಮಚ ಗ್ಲುಕೋಸ್ ಕುಡಿದು ಕಾಲು ಗಂಟೆಯ ನಂತರ ಮತ್ತೆ ಪರೀಕ್ಷಿಸಬೇಕು. ಸಕ್ಕರೆ ಸರಿಯಿದ್ದೂ ಬೆವರು, ಏದುಸಿರು ಇದ್ದರೆ ಗ್ಯಾಸ್ ಎಂದು ಸೋಡಾ ಕುಡಿಯುತ್ತ ಕೂರದೆ, ತಾವೇ ಬೈಕ್ ಓಡಿಸಿಕೊಂಡು ಹೋಗದೆ 108ಕ್ಕೆ ಕರೆ ಮಾಡಬೇಕು. ಇದನ್ನು ಪತ್ನಿಯಿಂದಲೂ ಮಗನಿಂದಲೂ ಹೇಳಿಸಿದೆ, ಏಕೆಂದರೆ ಆ ಹೊತ್ತಿನಲ್ಲಿ ನಿರ್ಧಾರ ತೆಗೆದುಕೊಳ್ಳುವವರು ಅವರೇ.

ಮುಂದಿನ ಪರೀಕ್ಷೆಗಳಲ್ಲಿ ಅನುಮಾನ ಬಂದು ಆಂಜಿಯೋಗ್ರಾಂ ಮಾಡಿಸಿದಾಗ ಒಂದು ರಕ್ತನಾಳ ಕಿರಿದಾಗಿರುವುದು ಕಂಡಿತು. ಸದ್ಯಕ್ಕೆ ಔಷಧಿಯಲ್ಲೇ ನಿಭಾಯಿಸಲು ಹೃದ್ರೋಗ ತಜ್ಞರು ತೀರ್ಮಾನಿಸಿದರು. ಗ್ಲಿಮೆಪಿರೈಡ್ ಬದಲು, ಹೃದಯಕ್ಕೂ ರಕ್ಷಣೆ ಕೊಡುವುದೆಂದು 2015ರ ಅಧ್ಯಯನದಿಂದ ಖಚಿತವಾದ ಎಂಪಾಗ್ಲಿಫ್ಲೋಜಿನ್ ಬಂದಿದೆ. ವಾಂತಿಭೇದಿಯಾದ ದಿನ ಅದನ್ನು ತಡೆಹಿಡಿದು ವೈದ್ಯರನ್ನು ಕೇಳುವಂತೆ ತಿಳಿಸಿದ್ದೇವೆ. ಎಲ್‌ಡಿಎಲ್ ಈಗ 74. ಇವರ ಗುರಿ 55ರ ಒಳಗಾದ್ದರಿಂದ ಇನ್ನೊಂದು ಮಾತ್ರೆ ಸೇರಿದೆ. ಎಲೆಅಡಿಕೆಯ ಜೊತೆಗಿನ ತಂಬಾಕನ್ನು ಮಾತ್ರ ಅವರು ಇನ್ನೂ ಬಿಟ್ಟಿಲ್ಲ. ಮುಂದಿನ ಭೇಟಿಯನ್ನು ಅದಕ್ಕಾಗಿಯೇ ಗೊತ್ತುಮಾಡಿದ್ದೇನೆ.